ಬೇವಿನ ಮರ ಕಡಿದ ಮೇಲಿನ ಏಳು ಗಾಡಿಗಳು

ನಾನು ಕಾರು ಓಡಿಸುವಾಗ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುತ್ತೇನೆ ಎಂಬ ದೂರು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿದೆ. ಅದನ್ನು ಹಬ್ಬಿಸಿದವರು ರಾಯಚೂರಿನಿಂದ ಮಾನ್ವಿಗೆ ದಿನವೂ ನನ್ನ ಜೊತೆ ಬರುವ ಇತಿಹಾಸದ ಮೇಡಂ. ಮುಂದಿನ ಗಾಡಿ ಬ್ರೇಕ್ ಹಾಕಿ ಅದರ ಕೆಂಪು ದೀಪ ಹೊತ್ತಿದ ತಕ್ಷಣ ನಾನು "ಬಂತು" ಅನ್ನುತ್ತೇನಂತೆ. ಮೊದಮೊದಲು ಅವರು "ಏನ್ ಬಂತ್ರೀ?" ಎಂದು ಗಾಬರಿಯಿಂದ ಕಿಟಕಿಯಾಚೆ ನೋಡುತ್ತಿದ್ದರು. ಈಗ ನೋಡುವುದಿಲ್ಲ. ಭೌತಶಾಸ್ತ್ರ ಕಲಿಸುವವರಿಗೆಲ್ಲ ಕೊನೆಗೆ ಹೀಗೇ ಆಗುತ್ತದೆ ಎಂದು ತೀರ್ಮಾನಿಸಿ ಕಣ್ಣು ಮುಚ್ಚಿ ನಿದ್ದೆ ಹೋಗುತ್ತಾರೆ.

ಆ ಮಾತು ನನ್ನದಲ್ಲ. ರಾಯಚೂರಿನ ಗಂಜಿನ, ಎಂದರೆ ದವಸದ ಮಾರುಕಟ್ಟೆಯ, ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತೈದು ವರ್ಷ ಗಾಡಿಗಳ ವೈರಿಂಗ್ ಮಾಡಿದ ಒಬ್ಬರದು. ಊರು ಅವರನ್ನು ಉಸ್ತಾದ್ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು, ಅಷ್ಟೆ. ಶೆಡ್ಡಿನ ಮೇಲೆ ಒಂದು ಬೋರ್ಡನ್ನೂ ಹಾಕಿಸಿದವರಲ್ಲ. ಕೇಳಿದರೆ, "ಕೆಟ್ಟ ಗಾಡಿ ತಾನs ಹುಡಕ್ಕೊಂಡು ಬರ್ತದ ಅಕ್ಕಾರ, ಅದಕ್ಕ ಓದಾಕ ಬರಂಗಿಲ್ಲ" ಅನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕಾರು ಎನ್ನುವುದು ರೂಢಿ. ವಯಸ್ಸಿನಲ್ಲಿ ನಾನು ಅವರಿಗಿಂತ ಹದಿನೈದು ವರ್ಷ ಚಿಕ್ಕವಳು. ಅವರು ಹೋಗಿ ಈಗ ನಾಲ್ಕು ತಿಂಗಳು.

ಅವರ ಪರಿಚಯವಾದದ್ದು ಅಪ್ಪನ ಕಾರಿನಿಂದ. ಅಪ್ಪ ತೀರಿಕೊಂಡ ಮೇಲೆ ಆ ಹಳೆಯ ಬಿಳಿ ಕಾರನ್ನು ಮಾರಲು ಮನಸ್ಸಾಗದೆ ನಾನೇ ಓಡಿಸತೊಡಗಿದ್ದೆ. ಅದಕ್ಕೊಂದು ವಿಚಿತ್ರ ರೋಗವಿತ್ತು. ಹಿಂದಿನ ದೀಪ ಹಾಕಿಕೊಂಡು ಬ್ರೇಕ್ ಒತ್ತಿದರೆ ಆ ದೀಪ ಹೆಚ್ಚಾಗುವ ಬದಲು ಮಂಕಾಗುತ್ತಿತ್ತು, ಜೊತೆಗೆ ಬಲಗಡೆಯ ಇಂಡಿಕೇಟರ್ ತಾನಾಗಿಯೇ ಮಿಣುಕುತ್ತಿತ್ತು. ಇಬ್ಬರು ಮೆಕ್ಯಾನಿಕ್ಕರು ಬಲ್ಬು ಬದಲಿಸಿ ಕೈತೊಳೆದುಕೊಂಡಿದ್ದರು. ನಾನು ಉಸ್ತಾದರ ಶೆಡ್ಡಿಗೆ ಹೋಗಿ, ಎಂಎಸ್ಸಿ ಓದಿದ ಗತ್ತಿನಲ್ಲಿ, ಇದು ಸ್ವಿಚ್ಚಿನ ದೋಷ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವರು ಪೂರ್ತಿ ಕೇಳಿದರು. ಆಮೇಲೆ ಡಿಕ್ಕಿ ತೆಗೆಸಿ, ಒಳಗೆ ತಗಡಿಗೆ ಬಿಗಿದಿದ್ದ ಒಂದು ಸ್ಕ್ರೂವನ್ನು ಬಿಚ್ಚಿ, ಅದರ ಕೆಳಗಿನ ತುಕ್ಕನ್ನು ನನ್ನ ಅಂಗೈ ಮೇಲೆ ಉದುರಿಸಿದರು.

"ಅರ್ತ್ ಹೋಗ್ಯಾದ ನೋಡ್ರಿ. ಹ್ವಾದ ಕರೆಂಟು ಹೊಳ್ಳಿ ಮನಿಗೆ ಬರಬೇಕಲ್ರೀ? ಇದರ ದಾರಿ ಮುಚ್ಯಾದ. ಅದಕ್ಕ ಪಕ್ಕದ ಮನಿಯಾಗ ಹಾದು ಬರಾಕತ್ತದ. ಆ ಮನಿ ದೀಪ ಮಿಣಕ್ತದ."

ಉಪ್ಪುಕಾಗದದಿಂದ ತಗಡನ್ನು ಬೆಳ್ಳಗೆ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಒಂದಿಷ್ಟು ಗ್ರೀಸು ಸವರಿದರು. ರೋಗ ಹೋಯಿತು. ಪಕ್ಕದ ಮನೆಯ ಆ ಉದಾಹರಣೆಯನ್ನು ನಾನು ಇಂದಿಗೂ ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಹೇಳುತ್ತೇನೆ. ನನ್ನದೇ ಎಂಬಂತೆ ಹೇಳುತ್ತೇನೆ, ನಾಚಿಕೆಯೂ ಇಲ್ಲ.

ಮುಂದಿನ ಎರಡು ಹಲ್ಲುಗಳ ನಡುವೆ ಅವರಿಗೆ ಒಂದು ಸಂದು ಇತ್ತು. ಮೂವತ್ತೈದು ವರ್ಷ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದದ್ದು. ಇಕ್ಕಳ ಕೈಯಲ್ಲೇ ಇರುತ್ತಿತ್ತು, ಆದರೂ ಹಲ್ಲು. ಕೊರಳಲ್ಲಿ ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ ಒಂದು ಪರೀಕ್ಷೆಯ ಬಲ್ಬು ನೇತಾಡುತ್ತಿತ್ತು. ಹಳೆಯ ಪೆನ್ನಿನ ಕೊಳವೆಯಲ್ಲಿ ಪುಟ್ಟ ಬಲ್ಬು ಕೂಡಿಸಿ ತಾವೇ ಮಾಡಿಕೊಂಡದ್ದು. ಒಂದು ತುದಿಯನ್ನು ತಗಡಿಗೆ ಕಚ್ಚಿಸಿ ಇನ್ನೊಂದು ತುದಿಯಿಂದ ವೈರು ಮುಟ್ಟಿದರೆ, ಕರೆಂಟು ಇದ್ದಲ್ಲಿ ಅದು ಉರಿಯುತ್ತಿತ್ತು. ಇಲ್ಲದಿದ್ದರೆ ಉಸ್ತಾದರು "ಛೇ, ಇಲ್ಲೀತನಕ ಬಂದು ಎಲ್ಲಿಗೆ ಹೋದಿ?" ಎಂದು ಅದನ್ನು ಗದರಿಸುತ್ತಿದ್ದರು. ಗಿರಾಕಿಗಳ ಜೊತೆಗಿಂತ ಕರೆಂಟಿನ ಜೊತೆಗೇ ಅವರ ಮಾತು ಹೆಚ್ಚು.

ಬ್ರೇಕ್ ಲೈಟಿನ ವಿಷಯದಲ್ಲಿ ಮಾತ್ರ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬೇರೆಯವರು ಬ್ರೇಕಿನ ಮೇಲೆ ಒಂದು ಇಟ್ಟಿಗೆ ಇಟ್ಟು ಹಿಂದೆ ಹೋಗಿ ನೋಡಿ ಬರುತ್ತಾರೆ. ಉಸ್ತಾದರಿಗೆ ಅದು ಸುತಾರಾಂ ಆಗದು. ಗಾಡಿಯ ಮಾಲೀಕನೇ ಕೂತು ಬ್ರೇಕ್ ಒತ್ತಬೇಕು. ಅವರು ಹಿಂದೆ ಹೋಗಿ, ರಾಯಚೂರಿನ ಬಿಸಿಲಿನಲ್ಲಿ ಬೆಳಕು ಕಾಣುವುದಿಲ್ಲವಾದ್ದರಿಂದ ಕೆಂಪು ಗಾಜಿಗೆ ಅಂಗೈ ಮರೆ ಮಾಡಿ ಒಂದೊಂದು ಬದಿಯನ್ನೂ ನೋಡಿ, "ಬಂತು" ಎಂದು ಕೂಗುತ್ತಿದ್ದರು. ಆಗ ಒಳಗೆ ಕೂತವರು "ಎರಡೂ?" ಎಂದು ಕೇಳಲೇಬೇಕು. ಅವರು "ಎರಡೂ" ಎಂದ ಮೇಲೆಯೇ ಕಾಲು ತೆಗೆಯಬೇಕು. ಮರೆತು ಸುಮ್ಮನೆ ಕೂತರೆ ಹಿಂದಿನಿಂದ ಬೈಗುಳ ಬರುತ್ತಿತ್ತು.

"ಕೇಳ್ರಿ ಮತ್ತ! ಒಂದs ಬಂದಿದ್ರ ಏನ್ ಮಾಡಾವ್ರು? ಗಾಡ್ಯಾಗ ಇರೂ ಎಲ್ಲಾ ಲೈಟು ನಿಮ್ಮ ಸಲವಾಗಿ ಅದಾವ. ಇದೊಂದು ಮಂದಿ ಸಲವಾಗಿ ಅದ. ನಿಮಗ ಎಂದೂ ಕಾಣಂಗಿಲ್ಲ. ಹಿಂದ ಒಬ್ಬರು ನಿಂತು ಹೇಳಬೇಕು, ನೀವು ನಂಬಬೇಕು."

ನಂಬುತ್ತಿದ್ದೆವು. ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರರಿಂದ ಹಿಡಿದು ದೇವದುರ್ಗದ ಕಡೆಯಿಂದ ಕೂಲಿಯವರನ್ನು ಕರೆತರುವ ಟೆಂಪೋದವರವರೆಗೆ ಎಲ್ಲರೂ ಆ "ಎರಡೂ" ಕೇಳಿಸಿಕೊಂಡು ನಿಶ್ಚಿಂತೆಯಿಂದ ಹೊರಟುಬಿಡುತ್ತಿದ್ದರು. ಇಳಿದು ನೋಡಿದವರನ್ನು ನಾನು ಕಂಡಿಲ್ಲ.

ಕಳೆದ ಒಂದೆರಡು ವರ್ಷಗಳಲ್ಲಿ ಅವರ ಕೆಲಸದಲ್ಲಿ ಕೆಲವು ಬದಲಾವಣೆಗಳಾದವು. ನಾನು ಎಲ್ಲವನ್ನೂ ನೋಡಿದೆ, ಒಂದನ್ನೂ ಅರ್ಥ ಮಾಡಿಕೊಳ್ಳಲಿಲ್ಲ. ಮೊದಲು, ವೈರುಗಳಿಗೆ ದಾರದ ಗಂಟು ಹಾಕತೊಡಗಿದರು: ಹಿಂದಿನ ದೀಪದ ವೈರಿಗೆ ಒಂದು ಗಂಟು, ಬ್ರೇಕಿನದಕ್ಕೆ ಎರಡು, ಇಂಡಿಕೇಟರಿಗೆ ಮೂರು. "ವೈರಿಗೆ ಬಣ್ಣ ಅದಲ್ರೀ, ಗಂಟು ಯಾಕ?" ಅಂದೆ. "ಬಣ್ಣ ಮಾಸ್ತದ, ಗಂಟು ಉಳೀತದ" ಅಂದರು. ಆಮೇಲೆ ಕೊರಳಿನ ಪರೀಕ್ಷೆಯ ಬಲ್ಬು ಹೋಗಿ ಅಲ್ಲಿ ಪೀಂ ಎನ್ನುವ ಒಂದು ಬಜರ್ ಬಂತು. ಬ್ರೇಕ್ ಒತ್ತಿಸುವಾಗ ಮೊದಲು ಒಂದು ಕ್ಷಣ ಸಾಕಿತ್ತು. ಈಗ "ಒತ್ತಿ ಹಿಡೀರಿ ಅಕ್ಕಾರ, ಇಪ್ಪತ್ತರ ತನಕ ಎಣಸ್ರಿ" ಅನ್ನತೊಡಗಿದರು. ವಯಸ್ಸಾದಂತೆ ಶ್ರದ್ಧೆ ಹೆಚ್ಚಾಗಿದೆ ಅಂದುಕೊಂಡೆ.

ಇನ್ನೊಂದು ಬದಲಾವಣೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಬೆಳಿಗ್ಗೆ ಅವರ ಹೆಂಡತಿ ಶೆಡ್ಡಿನವರೆಗೆ ಅವರ ಕೈಹಿಡಿದು ಬರತೊಡಗಿದರು. ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು, ಬೆಳಗಿನ ಹೊತ್ತು ಉಸಿರಾಡಲೂ ಬಿಡುವಿಲ್ಲದವರು. ಒಂದು ದಿನ ನಾನು ಕಾರು ನಿಲ್ಲಿಸಿ, "ಏನ್ ಯವ್ವಾ, ಈ ವಯಸ್ಸಿನಾಗೂ ಉಸ್ತಾದ್ರ ಕೈ ಬಿಡವಲ್ಲಿ?" ಎಂದು ಚುಡಾಯಿಸಿದೆ. ಅವರು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಉಸ್ತಾದರೂ ನಕ್ಕರು. ಅವರಿಬ್ಬರೂ ನನ್ನ ಮುಂದೆ ಎಷ್ಟು ಚೆನ್ನಾಗಿ ನಕ್ಕರು ಎಂದು ಈಗ ಯೋಚಿಸುತ್ತೇನೆ.

ಕಳೆದ ಶಿವರಾತ್ರಿಯ ಹೊತ್ತಿಗೆ ರಸ್ತೆ ಅಗಲ ಮಾಡಲೆಂದು ಶೆಡ್ಡಿನ ಮುಂದಿನ ಬೇವಿನ ಮರವನ್ನು ಕಡಿದರು. ಅಷ್ಟು ವರ್ಷ ಗಾಡಿಗಳೆಲ್ಲ ಅದರ ನೆರಳಿನಲ್ಲೇ ನಿಲ್ಲುತ್ತಿದ್ದವು. ಈಗ ಬಯಲಲ್ಲಿ ನಿಲ್ಲಬೇಕಾಯಿತು. ಉಸ್ತಾದರು ಎರಡು ದಿನ ಬುಡದ ಮೇಲೆ ಕೂತು ಚಹಾ ಕುಡಿದರು. ಮೂರನೇ ದಿನ ರಸ್ತೆ ಕೆಲಸದವರು ಆ ಬುಡವನ್ನೂ ಕಿತ್ತುಕೊಂಡು ಹೋದರು.

ಯುಗಾದಿ ಕಳೆದು ಹದಿನೈದು ದಿನವಾಗಿರಬೇಕು. ನನ್ನ ಕಾರಿನ ಬ್ರೇಕ್ ಲೈಟು ಮತ್ತೆ ಕೈಕೊಟ್ಟಿತ್ತು. ಮಧ್ಯಾಹ್ನ ಎರಡು ಗಂಟೆ, ಶೆಡ್ಡಿನಲ್ಲಿ ನಾವಿಬ್ಬರೇ. ಬ್ರೇಕಿನ ಪೆಡಲ್ ಮೇಲಿನ ಸ್ವಿಚ್ಚು ಸವೆದಿದೆ ಎಂದು ಹೇಳಿ ಹೊಸದನ್ನು ಕೂಡಿಸಿ, ಬ್ರೇಕ್ ಒತ್ತಲು ನನ್ನನ್ನು ಒಳಗೆ ಕೂರಿಸಿ, ಎಂದಿನಂತೆ ಹಿಂದೆ ಹೋದರು. ಅಷ್ಟರಲ್ಲಿ ಕಾಲೇಜಿನಿಂದ ಫೋನು ಬಂತು. ನಾನು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಚೀಲ ತಡಕುತ್ತಿದ್ದೆ. ಹಿಂದಿನಿಂದ "ಬಂತು" ಎಂದು ಕೇಳಿಸಿತು.

ನಾನು ನನ್ನ ಕಾಲು ನೋಡಿಕೊಂಡೆ. ಅದು ಕೆಳಗೆ ಚಪ್ಪಲಿಯ ಮೇಲಿತ್ತು. ಜೋರಾಗಿ ನಕ್ಕುಬಿಟ್ಟೆ.

"ನಾ ಇನ್ನಾ ಬ್ರೇಕ್ ಒತ್ತೇ ಇಲ್ರೀ ಉಸ್ತಾದ್ರ!"

ಕನ್ನಡಿಯಲ್ಲಿ ನೋಡಿದೆ. ಅವರು ಬಗ್ಗಿಕೊಂಡೇ ಇದ್ದರು. ಅಂಗೈ ಗಾಜಿಗೆ ಮರೆಯಾಗಿರಲಿಲ್ಲ, ಗಾಜಿನ ಮೇಲೇ ಇತ್ತು. ಆಮೇಲೆ ಕಾರನ್ನು ಸವರಿಕೊಂಡು, ಹಿಂದಿನ ಬಾಗಿಲು, ಮುಂದಿನ ಬಾಗಿಲು, ಕಿಟಕಿಯ ಅಂಚು ಎಂದು ಬೆರಳಿನಿಂದ ದಾರಿ ಹಿಡಿದು ನನ್ನ ಹತ್ತಿರ ಬಂದು ನಿಂತರು.

"ಗಾಜು ಬಿಸಿ ಇತ್ತು ಅಕ್ಕಾರ" ಅಂದರು.

ಆ ಒಂದೇ ಮಾತಿಗೆ ಗಂಟು, ಬಜರು, ಇಪ್ಪತ್ತರವರೆಗಿನ ಎಣಿಕೆ, ಹೆಂಡತಿ ಹಿಡಿದ ಕೈ ಎಲ್ಲವೂ ನನಗೆ ಒಟ್ಟಿಗೆ ತಿಳಿದವು. ಹಳೆಯ ಬಲ್ಬಿಗೆ ಹೋಗುವ ಕರೆಂಟು ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ, ಬೆಳಕು ಸ್ವಲ್ಪವೇ. ಇದನ್ನು ನಾನು ಕರಿಹಲಗೆಯ ಮೇಲೆ ಬರೆದು ಕಲಿಸುವವಳು. ಈ ಮನುಷ್ಯ ಅದರ ಮೇಲೆ ಎರಡು ವರ್ಷ ಜೀವನ ಮಾಡಿದ್ದರು. ಕರೆಂಟು ಬಂದದ್ದನ್ನು ಬಜರ್ ಹೇಳುತ್ತಿತ್ತು, ಬಲ್ಬು ಉರಿದದ್ದನ್ನು ಅಂಗೈ ಹೇಳುತ್ತಿತ್ತು. ಬೇವಿನ ನೆರಳಿನಲ್ಲಿ ಗಾಜು ತಣ್ಣಗಿದ್ದಷ್ಟು ದಿನ ಆ ಅಂಗೈ ಒಮ್ಮೆಯೂ ತಪ್ಪಿರಲಿಲ್ಲ.

"ಎಷ್ಟು ದಿನ ಆತ್ರೀ?" ಎಂದು ಕೇಳಿದೆ. ನನ್ನ ನಗು ಎಲ್ಲಿಗೆ ಹೋಗಿತ್ತೋ.

"ಸಕ್ರಿ ರೋಗ. ಎಡಗಣ್ಣು ಹೋಗಿ ಎರಡು ವರ್ಸಾತು. ಬಲಗಣ್ಣಾಗ ನೀವು ಅದೀರಿ ಅನ್ನೂದು ಗೊತ್ತಾಗ್ತದ, ಯಾರು ಅನ್ನೂದು ದನಿ ಹೇಳ್ತದ. ಹ್ವಾದ ಕಣ್ಣು ಇನ್ನ ಬರಂಗಿಲ್ಲ ಅಂತ ಡಾಕ್ಟರು ಅಂದಾರ."

ಅವರು ಅಳುತ್ತಾರೆ ಅಂದುಕೊಂಡೆ. ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುತ್ತಾರೆ ಅಂದುಕೊಂಡೆ. ಕೇಳಿಕೊಂಡಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಅವರು ಕಿಟಕಿಯ ಅಂಚು ಹಿಡಿದುಕೊಂಡು ನಿಂತೇ ಬೆರಳು ಮಡಿಸತೊಡಗಿದರು.

"ಬೇವಿನ ಗಿಡ ಕಡದ ಮ್ಯಾಲೆ ಹಿಂದಿನ ಲೈಟು ಮಾಡಿದ್ದು... ಮುಂಜಾನಿ ಮಾಡಿದ್ದು ಬಿಡ್ರಿ, ಆವಾಗ ಗಾಜು ತಣ್ಣಗಿರ್ತದ. ಮಧ್ಯಾಹ್ನ ಮಾಡಿದ್ದು ಏಳು ಗಾಡಿ. ಏಳೂ ಗಾಡಿಗೆ ನಾ 'ಎರಡೂ' ಅಂತ ಹೇಳಿ ಕಳಿಸೀನಿ ಅಕ್ಕಾರ."

ನನ್ನ ಕಣ್ಣಿಗೆ ಕಂಡದ್ದು ಅವರ ಕಣ್ಣು. ಅವರಿಗೆ ಕಾಣುತ್ತಿದ್ದದ್ದು ಆ ಏಳು ಗಾಡಿಗಳು.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಆ ಏಳನ್ನೂ ಹುಡುಕಿಕೊಂಡು ನನ್ನ ಕಾರಿನಲ್ಲಿ ಹೊರಟೆವು. ಉಸ್ತಾದರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊರಳಿಗೆ ಬಜರ್ ಹಾಕಿಕೊಂಡು, ಮಡಿಲಲ್ಲಿ ಹತಾರದ ಚೀಲ ಮತ್ತು ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಇಟ್ಟುಕೊಂಡು ಕೂತಿದ್ದರು. ನಾನು ದಾರಿಯಲ್ಲಿ ಒಂದು ಸುಳ್ಳು ತಯಾರು ಮಾಡಿದ್ದೆ. ಬಲ್ಬು ಮಾರುವವರು ಪುಕ್ಕಟೆ ತಪಾಸಣೆ ಇಟ್ಟಿದ್ದಾರೆ, ಅದಕ್ಕೇ ಬಂದೆವು ಅಂತ ಎಲ್ಲರಿಗೂ ಹೇಳುವುದು. ಉಸ್ತಾದರು ಕೇಳಿ, "ಛಲೋ ಅದ" ಅಂದರು. ಊರೊಳಗಿನ ಮೊದಲ ಗಾಡಿ ಒಂದು ಶಾಲೆಯ ವ್ಯಾನು. ಅದರ ಮಾಲೀಕ ಬಾಗಿಲಿಗೆ ಬಂದದ್ದೇ ತಡ, ನಾನು ಬಾಯಿ ತೆಗೆಯುವ ಮೊದಲೇ ಅವರು ಹೇಳಿಬಿಟ್ಟರು.

"ನನ್ನ ಕಣ್ಣು ಹೋಗ್ಯಾವಪ್ಪಾ. ನಿನ್ನ ಗಾಡಿ ಲೈಟು ನಾ ನೋಡದs ಬಂತು ಅಂದಿದ್ದೆ. ಇನ್ನೊಮ್ಮೆ ನೋಡಬೇಕು."

ಪ್ರತಿ ಬಾಗಿಲಲ್ಲೂ ಅದೇ ಮಾತು, ಒಂದು ಶಬ್ದವೂ ಹೆಚ್ಚುಕಡಿಮೆಯಿಲ್ಲ. ಮೂವತ್ತೈದು ವರ್ಷದ ಕಸುಬನ್ನು ಆ ಮನುಷ್ಯ ಬಾಗಿಲಿನಿಂದ ಬಾಗಿಲಿಗೆ ಹೋಗಿ ತಮ್ಮ ಬಾಯಿಂದಲೇ ಮುಗಿಸಿದರು. ನಾನು ಪಕ್ಕದಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದೆ.

ಆ ದಿನ ನಮ್ಮ ಜಾಗಗಳು ಅದಲುಬದಲಾದವು. ಅವರು ಒಳಗೆ ಕೂತು ಬ್ರೇಕ್ ಒತ್ತಿದರು, ನಾನು ಹಿಂದೆ ನಿಂತೆ. ದೀಪ ಕಂಡಾಗ "ಬಂತು" ಎಂದು ಕೂಗಿದೆ. ಒಳಗಿನಿಂದ "ಎರಡೂ?" ಎಂದು ಕೇಳಿತು. ಅವರ ದನಿಯಲ್ಲಿ ಭಯವಿರುವುದನ್ನು ನಾನು ಮೊದಲ ಸಲ ಕೇಳಿದೆ. "ಎರಡೂ" ಅಂದೆ. ವ್ಯಾನು ಸರಿಯಿತ್ತು, ಪಕ್ಕದ ಓಣಿಯ ಜೀಪು ಸರಿಯಿತ್ತು. ಮಾನ್ವಿಯ ಮಿಲ್ಲಿನಲ್ಲಿ ಸಾಹುಕಾರರು ಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿ ಬಂದರು. ಉಸ್ತಾದರ ಮಾತು ಕೇಳಿ ತಾವೇ ಅವರ ರಟ್ಟೆ ಹಿಡಿದು ತಮ್ಮ ಎರಡು ಗಾಡಿಗಳಿಗೂ ಹತ್ತಿಸಿ ಇಳಿಸಿದರು. "ಇಂಥಾ ಮಾತು ಹೇಳಾಕ ಮನೀತನಕ ಯಾರ್ ಬರ್ತಾರ್ರೀ ಅಕ್ಕಾರ?" ಎಂದು ನನ್ನ ಹತ್ತಿರ ಮೆಲ್ಲಗೆ ಅಂದರು. ಅವೂ ಸರಿಯಿದ್ದವು.

ಐದನೆಯದು ಉಸ್ತಾದರ ಸ್ವಂತ ಊರು ಬಾಗಲವಾಡದಲ್ಲಿ, ಅವರ ಅಣ್ಣನ ಮಗನ ಟ್ರಾಲಿ. ಟ್ರಾಕ್ಟರಿನ ಮೇಲೆ ಅವರನ್ನು ಹತ್ತಿಸಿ ನಾನು ಟ್ರಾಲಿಯ ಹಿಂದೆ ಹೋದೆ. ಬಲಗಡೆ ಕೆಂಪಗೆ ಹೊತ್ತಿತು.

"ಬಂತು" ಅಂದೆ.

"ಎರಡೂ?"

ನಾನು ಎಡಗಡೆಯ ಗಾಜಿಗೆ ಕೈ ಮರೆಮಾಡಿ ನೋಡಿದೆ. ಬಗ್ಗಿ ನೋಡಿದೆ. ಇನ್ನೊಮ್ಮೆ "ಎರಡೂ?" ಎಂದು ಕೇಳಿತು.

"ಎಡಗಡಿ ಇಲ್ರೀ" ಅಂದೆ.

ಅವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತಿದ್ದರು. ಅಣ್ಣನ ಮಗ ಸಮಾಧಾನ ಮಾಡಲು ಹೋದ. "ಬಿಡೋ ಕಾಕಾ, ಕಾಲುವಿ ದಂಡಿ ರಸ್ತೆದಾಗ ಬ್ರೇಕ್ ಲೈಟ್ ಯಾರು ನೋಡ್ತಾರ?"

"ನಿನ್ನ ಹಿಂದ ಬರಾಂವ ನೋಡ್ತಾನ" ಅಂದರು ಉಸ್ತಾದರು, ತಲೆ ಎತ್ತದೆ. "ನಲವತ್ತು ದಿವಸ ಓಡ್ಯಾದ ಇದು. ನಲವತ್ತು ದಿವಸ."

ಹೋಲ್ಡರಿನೊಳಗಿನ ಸ್ಪ್ರಿಂಗು ತುಕ್ಕು ಹಿಡಿದು ಬಲ್ಬನ್ನು ಮುಟ್ಟುತ್ತಿರಲಿಲ್ಲ. ಅದನ್ನು ಬೆರಳಿನಲ್ಲೇ ಹುಡುಕಿದರು, ಬೆರಳಿನಲ್ಲೇ ಸರಿ ಮಾಡಿದರು. ಕೆಲಸ ಮಾಡುವಾಗ ಅವರು ಕುರುಡರೆಂದು ಯಾರೂ ಹೇಳುವಂತಿರಲಿಲ್ಲ. ಆರನೆಯದು ದೇವದುರ್ಗದಲ್ಲಿ ಒಬ್ಬರ ಹಳೆಯ ಕಾರು, ಅದಕ್ಕೇನೂ ಆಗಿರಲಿಲ್ಲ.

ಉಳಿದದ್ದು ಏಳನೆಯದು, ಒಂದು ಟೆಂಪೋ. ದೇವದುರ್ಗದ ಕಡೆಯವನು ಎಂಬುದಷ್ಟೇ ಗೊತ್ತು, ಹೆಸರು ಕೇಳಿರಲಿಲ್ಲ, ಮೊದಲ ಸಲ ಬಂದ ಗಿರಾಕಿ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೆಣ್ಣಾಳುಗಳನ್ನು ಹೊಲಗಳಿಗೆ ಕರೆದೊಯ್ಯುವ ಗಾಡಿ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಟೆಂಪೋಗಳು ನಿಲ್ಲುವಲ್ಲಿ ವಿಚಾರಿಸಲು ಹೊರಟು, ಅವಸರದಲ್ಲಿ ಕೇಳಿಬಿಟ್ಟೆ.

"ಯಾವ ಬಣ್ಣದ್ದು ಉಸ್ತಾದ್ರ?"

ಕೇಳಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನೆನಪು ಮಾಡಿಕೊಳ್ಳುವಾಗ ಅವರ ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು.

"ಹಿಂದಿನ ಬಾಗಲಕ್ಕ ಸರಪಳಿ ಅದ. ಸದ್ದು ಆಗಬಾರದು ಅಂತ ಅದಕ್ಕ ಸೈಕಲ್ ಟ್ಯೂಬ್ ಸುತ್ಯಾರ. ಬಲಗಡಿ ಗಾಜು ಸೀಳ್ಯಾದ, ಮ್ಯಾಲೆ ಏನೋ ಅಂಟು ಹಚ್ಯಾರ, ಬೆರಳಿಗೆ ಗುಬಟಿ ಹತ್ತತದ. ಮೆಣಸಿನಕಾಯಿ ಘಾಟು ಇತ್ತು. ಹಿಂದ ಹೆಣ್ಮಕ್ಕಳು ಕುಂದರ್ತಾರ ಅಕ್ಕಾರ. ಕಾಲು ಹೊರಗ ಬಿಟಗೊಂಡು ಕುಂದರ್ತಾರ."

ಸೈಕಲ್ ಟ್ಯೂಬು ಸುತ್ತಿದ ಸರಪಳಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ ತಿರುಗಿದೆವು. ಕೊನೆಗೆ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಅವರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತರು. ರಸ್ತೆಯಲ್ಲಿ ಬ್ರೇಕಿನ ಸದ್ದಾದಾಗಲೆಲ್ಲ ಮುಖ ಆ ಕಡೆ ತಿರುಗುತ್ತಿತ್ತು.

ಮರುದಿನದಿಂದ ಶೆಡ್ಡು ತೆರೆಯಲಿಲ್ಲ. ಪೆನ್ನಿನ ಕೊಳವೆಯ ಆ ಹಳೆಯ ಪರೀಕ್ಷೆಯ ಬಲ್ಬನ್ನು ನನಗೆ ಕೊಟ್ಟು, "ನಿಮಗ ಕಣ್ಣು ಅದಾವ, ಇಟಗೋರಿ" ಅಂದರು. ಅದು ಈಗ ನನ್ನ ಲ್ಯಾಬಿನ ಮೇಜಿನಲ್ಲಿದೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಹೆಂಡತಿಯ ಫೋನಿನಿಂದ ಕರೆ ಬರುತ್ತಿತ್ತು. ನಮಸ್ಕಾರವೂ ಇಲ್ಲ, "ಸಿಕ್ತೇನ್ರೀ?" ಅಷ್ಟೇ. "ಇಲ್ರೀ" ಅನ್ನುತ್ತಿದ್ದೆ. ಮೊದಲ ಒಂದೆರಡು ತಿಂಗಳು ನಾನೂ ಬಿಡುವು ಮಾಡಿಕೊಂಡು ದೇವದುರ್ಗಕ್ಕೆ ಹೋಗಿ ಹುಡುಕಿದೆ. ಆಮೇಲೆ ಕಾಲೇಜು, ಅವ್ವನ ಮೊಣಕಾಲು ನೋವು, ನೂರೆಂಟು ಕೆಲಸ. ಒಂದು ಭಾನುವಾರ ನನ್ನ ಸಿಟ್ಟು ಎಲ್ಲಿತ್ತೋ, "ಸಿಕ್ರ ನಾನs ಹೇಳ್ತೀನಿ ಉಸ್ತಾದ್ರ, ವಾರ ವಾರ ಕೇಳಿದ್ರ ಎಲ್ಲಿಂದ ತರ್ಲಿ?" ಅಂದುಬಿಟ್ಟೆ. "ಹೌದ್ರೀ, ಖರೇ" ಅಂದರು. ಮುಂದಿನ ವಾರ ಫೋನು ಮಾಡಿ ನನ್ನ ಕಾರು ಹೇಗಿದೆ ಎಂದು ಕೇಳಿದರು. ಅದರ ಮುಂದಿನ ವಾರ ಮಳೆಯಾಯಿತೇ ಎಂದು ಕೇಳಿದರು. ಕೇಳಿ ಸುಮ್ಮನೆ ಹಿಡಿದುಕೊಂಡಿರುತ್ತಿದ್ದರು. ಆ ಮೌನದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಸರಿ, ಫೋನ್ ಇಡ್ಲ್ಯಾ?" ಅನ್ನುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಅವ್ವನ ಆಪರೇಷನ್ನಿಗೆಂದು ಹೈದರಾಬಾದಿನಲ್ಲಿದ್ದೆ. ಎರಡು ಸಲ ಅವರ ಫೋನು ಬಂತು. ಆಸ್ಪತ್ರೆಯ ಗಡಿಬಿಡಿ, ಎತ್ತಲಿಲ್ಲ. ಗಡಿಬಿಡಿ ಅಷ್ಟೇನೂ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಊರಿಗೆ ಬಂದು ಎರಡು ದಿನದ ಮೇಲೆ ಅವರ ಮನೆಗೆ ಹೋದರೆ ಗೋಡೆಯ ಮೇಲೆ ಅವರ ಫೋಟೋಕ್ಕೆ ಹಾರ ಹಾಕಿತ್ತು. ಮೂತ್ರಪಿಂಡಗಳು ಕೈಕೊಟ್ಟಿದ್ದವು, ಒಂದು ವಾರವೂ ಹಿಡಿಯಲಿಲ್ಲವಂತೆ.

ಅವರ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಮಾತಾಡಿದರು. ಖಾನಾವಳಿಯವರು ಕಾಯುತ್ತಿದ್ದರು.

"ಕಡೀಕೂ ಅದೊಂದs ಮಾತು. ಅಕ್ಕಾರ ಫೋನ್ ಮಾಡಿದ್ರೇನ, ಅಕ್ಕಾರ ಫೋನ್ ಮಾಡಿದ್ರೇನ." ಹಿಟ್ಟಿನ ಕೈಯನ್ನು ಒಮ್ಮೆ ತಡೆದು ನನ್ನನ್ನು ನೋಡಿದರು. "ಸಿಕ್ತು, ಎರಡೂ ಉರೀತಾವ ಅಂತ ಒಂದು ಸುಳ್ಳು ಹೇಳಬಾರದಿತ್ತೇನ್ರೀ ಅಕ್ಕಾರ? ಅವರಿಗೇನು ಕಾಣ್ತಿತ್ತು?"

ಆ ಸುಳ್ಳು ನನ್ನ ಬಾಯಿಯ ತುದಿಗೆ ಎಷ್ಟೋ ಸಲ ಬಂದಿತ್ತು. ಹಿಂದೆ ನಿಂತವರು ಹೇಳಬೇಕು, ಒಳಗೆ ಕೂತವರು ನಂಬಬೇಕು ಎಂದು ಕಲಿಸಿದ ಮನುಷ್ಯನಿಗೆ ಸುಳ್ಳು "ಎರಡೂ" ಹೇಳುವುದು ಹೇಗೆ ಎಂದು ಬಾಯಿ ಕಟ್ಟಿಕೊಂಡಿದ್ದೆ. ಅದು ದೊಡ್ಡ ಸತ್ಯವಂತಿಕೆ ಎಂದೂ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಆ ಒಲೆಯ ಮುಂದೆ ಅದು ಮೂರು ಕಾಸಿಗೂ ಬಾಳಲಿಲ್ಲ. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ, ರೊಟ್ಟಿ ಮಗುಚಿದರು.

ಹೋದ ವಾರ ಪಿಯುಸಿ ಪ್ರಾಯೋಗಿಕ ಪರೀಕ್ಷೆಗೆ ದೇವದುರ್ಗಕ್ಕೆ ಹೋಗಿದ್ದೆ. ಮಧ್ಯಾಹ್ನ ಪರೀಕ್ಷೆ ಮುಗಿಸಿ ಹೊರಟಾಗ ಬಸ್ ಸ್ಟ್ಯಾಂಡಿನ ಈಚೆ ನನ್ನ ಮುಂದೆ ಒಂದು ಟೆಂಪೋ ಸೇರಿಕೊಂಡಿತು. ಹಿಂದೆ ಹತ್ತು ಹನ್ನೆರಡು ಹೆಣ್ಣಾಳುಗಳು, ತಲೆಗೆ ಟವೆಲು ಸುತ್ತಿಕೊಂಡು, ಕಾಲು ಹೊರಗೆ ಬಿಟ್ಟು ಕೂತಿದ್ದರು. ಏನೋ ಮಾತಿಗೆ ಎಲ್ಲರೂ ನಗುತ್ತಿದ್ದರು. ಅವರ ಕಾಲುಗಳ ನಡುವೆ ಒಂದು ಸರಪಳಿ ಜೋಲುತ್ತಿತ್ತು. ಅದಕ್ಕೆ ಕರಿಯ ಸೈಕಲ್ ಟ್ಯೂಬು ಸುತ್ತಿತ್ತು.

ರಸ್ತೆಯ ಉಬ್ಬಿನ ಹತ್ತಿರ ಟೆಂಪೋ ಬ್ರೇಕ್ ಹಾಕಿತು. ಕೆಂಪು ಹೊತ್ತಿದ್ದನ್ನು ಕಂಡೆ, ಆದರೆ ಹೊಡೆಯುವ ಬಿಸಿಲು, ಒಂದೇ ಬದಿಯೋ ಎರಡೋ ಖಾತ್ರಿಯಾಗಲಿಲ್ಲ. ನಾನು ಒಂದೇ ಸಮನೆ ಹಾರ್ನ್ ಹೊಡೆದೆ. ಡ್ರೈವರು ಗಾಡಿಯನ್ನು ಬದಿಗೆ ನಿಲ್ಲಿಸಿ, ಎಲ್ಲೋ ತಾಗಿಸಿದೆನೇನೋ ಎಂಬ ಭಯದಲ್ಲಿ ಇಳಿದು ಬಂದ.

"ಏನಾತ್ರೀ ಮೇಡಂ?"

"ನಿಮ್ಮ ಬ್ರೇಕ್ ಲೈಟು ಯಾರು ಮಾಡಿದ್ದು?"

ಆತ ತಬ್ಬಿಬ್ಬಾದ. "ಹ್ವಾದ ಬ್ಯಾಸಗ್ಯಾಗ ರಾಯಚೂರಾಗ ಗಂಜಿನ ಹಿಂದ ಒಬ್ಬ ಉಸ್ತಾದ್ ಮಾಡಿಕೊಟ್ಟಾನ್ರೀ. ಯಾಕ್ರೀ, ಹತ್ತವಲ್ಲವೇನು? ಅವತ್ತಿಂದ ಯಾರೂ ಮುಟ್ಟಿಲ್ಲ."

ನಾನು ಬಗ್ಗಿ ದೀಪದ ಹಿಂದೆ ಕೈ ಹಾಕಿದೆ. ಮಣ್ಣು ಮೆತ್ತಿದ ವೈರು ಸಿಕ್ಕಿತು. ಅದರ ಮೇಲೆ ದಾರದ ಗಂಟು, ಒಂದು, ಎರಡು. ಬಲಗಡೆಯ ಗಾಜಿನ ಸೀಳಿನ ಮೇಲೆ ಉಬ್ಬಿದ ಅಂಟಿನ ಗುಬಟೆ ಬೆರಳಿಗೆ ಹತ್ತಿತು. ಗಾಜು ಬಿಸಿಲಿಗೆ ಕಾದು ಸುಡುತ್ತಿತ್ತು.

"ಒಮ್ಮೆ ಒತ್ತಿ ಹಿಡೀರಿ ತಮ್ಮಾ" ಅಂದೆ.

ಆತ ನನ್ನನ್ನು ಒಂದು ಥರ ನೋಡಿ, ಹೋಗಿ ಹತ್ತಿ ಕೂತ. ಮೇಲೆ ಕೂತ ಹೆಂಗಸರು ನಗು ನಿಲ್ಲಿಸಿ ಬಗ್ಗಿ ನನ್ನನ್ನೇ ನೋಡುತ್ತಿದ್ದರು. ಅವರ ಕಾಲ್ಗೆಜ್ಜೆಗಳ ಪಕ್ಕದಲ್ಲೇ ನಾನು ಅಂಗೈ ಮರೆಮಾಡಿ ಬಲಗಡೆ ನೋಡಿದೆ. ಎಡಗಡೆಗೆ ಹೋಗಿ ನೋಡಿದೆ. ಮತ್ತೆ ಬಲಗಡೆಗೆ ಬಂದು ನೋಡಿದೆ. ಆ ಮನುಷ್ಯ ಊಟ ಬಿಟ್ಟು, ನಿದ್ದೆ ಬಿಟ್ಟು, ಕೊನೆಗೆ ಉಸಿರು ಬಿಡುವವರೆಗೆ ಹೆದರಿಕೊಂಡದ್ದು ಇದಕ್ಕೆ. ಇದು ಒಂದು ದಿನವೂ ಕೆಟ್ಟಿರಲಿಲ್ಲ.

"ಬಂತು" ಎಂದು ಕೂಗಿದೆ.

ಮುಂದಿನಿಂದ ಯಾರೂ ಏನೂ ಕೇಳಲಿಲ್ಲ. ನಾನು ಸ್ವಲ್ಪ ಹೊತ್ತು ಕಾದೆ.

"ಎರಡೂ" ಅಂದೆ.